ಉಜ್ಜಬಾರದ ಬೆಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮುಂದೆ ಮೇಜಿನ ಮೇಲೆ ಒಂದು ಬೆಳ್ಳಿ ನಾಣ್ಯ ಇದೆ. ನಿಮಗೆ ತೋರಿಸಲಾರೆ, ಹೇಗಿದೆ ಎಂದು ಹೇಳುತ್ತೇನೆ. ನಮ್ಮ ಒಂದು ರೂಪಾಯಿಗಿಂತ ತುಸು ಚಿಕ್ಕದು, ತೂಕ ನಾಲ್ಕು ಗ್ರಾಮಿಗೂ ಕಡಿಮೆ. ಅಂಚು ದುಂಡಗಿಲ್ಲ, ಕೈಯಲ್ಲಿ ತಟ್ಟಿದ ರೊಟ್ಟಿಯ ಹಾಗೆ ಒಂದು ಕಡೆ ಉಬ್ಬಿದೆ. ಒಂದು ಮುಖದಲ್ಲಿ ಬಲಕ್ಕೆ ತಿರುಗಿದ ತಲೆ, ಮುಡಿಯಲ್ಲಿ ಎಲೆಗಳ ಮಾಲೆ. ಇನ್ನೊಂದು ಮುಖದಲ್ಲಿ ಪೀಠದ ಮೇಲೆ ಕುಳಿತ ಹೆಂಗಸು. ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ರೆಂಬೆ. ಆಕೆ ಚಕ್ರವರ್ತಿಯ ತಾಯಿ ಲಿವಿಯಾ ಎಂದು ಹಲವರು ಗುರುತಿಸುತ್ತಾರೆ. ಸುತ್ತಲಿನ ಲ್ಯಾಟಿನ್ ಅಕ್ಷರಗಳು ಹೇಳುವುದು ಇಷ್ಟು: ‘ದೈವತ್ವ ಪಡೆದ ಆಗಸ್ಟಸನ ಮಗ, ಟಿಬೇರಿಯಸ್ ಸೀಸರ್ ಆಗಸ್ಟಸ್.’ ಇದು ಕ್ರಿ.ಶ. 14ರಿಂದ 37ರವರೆಗೆ ರೋಮನ್ನು ಆಳಿದವನ ದಿನಾರಿಯಸ್. ನಮ್ಮ ಹಳೆಯ ಗ್ರಂಥಗಳ ‘ದೀನಾರ’ ಎಂಬ ಮಾತು ಹುಟ್ಟಿದ್ದು ಈ ಹೆಸರಿನಿಂದಲೇ.

ರೋಮನ್ ಬೆಳ್ಳಿಯನ್ನು ಸಂಗ್ರಹಿಸಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ನಾಣ್ಯವನ್ನು ಉಜ್ಜಬೇಡಿ. ನನ್ನ ಮೊದಲ ದಿನಾರಿಯಸ್ ಟ್ರಾಜನ್ ದೊರೆಯದು. ಕೈಗೆ ಬಂದಾಗ ಅದರ ಮೇಲೆ ಬೂದುಗಪ್ಪು ಛಾಯೆ ಕೂತಿತ್ತು. ದೀಪಾವಳಿಗೆ ಮುಂಚೆ ಅಮ್ಮ ಬೆಳ್ಳಿಯ ದೀಪಗಳಿಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಹಾಗೆಯೇ ತಿಕ್ಕಿದೆ. ನಾಣ್ಯ ಫಳಫಳ ಹೊಳೆಯಿತು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಹಣೆಯ ಮೇಲೆ ಇಳಿಬಿದ್ದಿದ್ದ ಕೂದಲಿನ ಎಳೆಗಳು ಮಾಸಿ ಹೋಗಿದ್ದವು. ಶತಮಾನಗಳು ಕೂರಿಸಿದ್ದ ಬಣ್ಣವನ್ನು ಅರ್ಧ ಗಂಟೆಯಲ್ಲಿ ತೆಗೆದುಬಿಟ್ಟಿದ್ದೆ. ಆ ನಾಣ್ಯ ಈಗಲೂ ನನ್ನ ಬಳಿ ಇದೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಸವೆತ ಬೇರೆ ಮಾತು. ಸವೆದ ನಾಣ್ಯವನ್ನು ಹೊಸಬರು ಪಕ್ಕಕ್ಕೆ ಸರಿಸುತ್ತಾರೆ, ನನಗೆ ಅದೇ ಇಷ್ಟ. ರೋಮನ್ ಸೇನಾನಿ ಮಾರ್ಕ್ ಆ್ಯಂಟನಿ ಕ್ರಿ.ಪೂ. 32–31ರಲ್ಲಿ, ಮುಂದೆ ಆಗಸ್ಟಸ್ ಎನಿಸಿದ ಆಕ್ಟೇವಿಯನ್ ಜೊತೆಗಿನ ಕೊನೆಯ ಹೋರಾಟಕ್ಕೆ ಮುಂಚೆ, ತನ್ನ ಸೈನಿಕರ ಸಂಬಳಕ್ಕೆಂದು ದಿನಾರಿಯಸ್ ಹೊಡೆಸಿದ. ಒಂದು ಕಡೆ ಹುಟ್ಟುಗೋಲಿನ ಹಡಗು, ಇನ್ನೊಂದು ಕಡೆ ದಂಡಿನ ಲಾಂಛನಗಳು, ದಂಡಿನ ಸಂಖ್ಯೆ. ಅದರಲ್ಲಿ ತಾಮ್ರದ ಬೆರಕೆ ಹೆಚ್ಚು. ಒಳ್ಳೆಯ ಬೆಳ್ಳಿಯನ್ನು ಜನ ಕುಡಿಕೆಯಲ್ಲಿ ಹೂತಿಟ್ಟರು, ಈ ಕಳಪೆ ಬೆಳ್ಳಿಯನ್ನು ಖರ್ಚು ಮಾಡಿದರು. ಆದ್ದರಿಂದ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಸಂತೆಯಿಂದ ಸಂತೆಗೆ ಓಡಾಡಿತು, ಹಡಗು ನೆರಳಿನಷ್ಟೇ ಕಾಣುವವರೆಗೆ ಸವೆಯಿತು. ಅಷ್ಟು ಬೆರಳುಗಳು ಮುಟ್ಟಿದ ವಸ್ತುವನ್ನು ನನ್ನ ಬೆರಳೂ ಮುಟ್ಟುತ್ತದಲ್ಲ, ಅದಕ್ಕಿಂತ ಹೆಚ್ಚಿನದೇನನ್ನು ನಾನು ನಾಣ್ಯದಿಂದ ಬಯಸಲಿ?

ದಿನಾರಿಯಸ್ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ, ಕಾರ್ತೇಜಿನ ಸೇನಾನಿ ಹ್ಯಾನಿಬಲನ ಜೊತೆ ರೋಮ್ ಜೀವನ್ಮರಣದ ಯುದ್ಧ ಮಾಡುತ್ತಿದ್ದಾಗ. ಮೊದಮೊದಲು ಅದು ಬಹುಪಾಲು ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ತೂಕವನ್ನೂ ಇಳಿಸಿದ, ಬೆಳ್ಳಿಯ ಪಾಲನ್ನೂ ಇಳಿಸಿದ. ಸೆಪ್ಟಿಮಿಯಸ್ ಸೆವೆರಸನ ಕಾಲಕ್ಕೆ ಬೆಳ್ಳಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಅವನ ಮಗ ಕ್ಯಾರಕಲ್ಲ 215ರಲ್ಲಿ ಎರಡು ದಿನಾರಿಯಸ್ ಬೆಲೆಯದೆಂದು ಹೊಸ ನಾಣ್ಯ ತಂದ. ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣದ ಕಿರೀಟ, ಒಳಗೆ ಒಂದೂವರೆ ದಿನಾರಿಯಸ್‌ನಷ್ಟು ಲೋಹ. 270ರ ಹೊತ್ತಿಗೆ ಅದರಲ್ಲೂ ನೂರಕ್ಕೆ ಐದು ಪಾಲು ಬೆಳ್ಳಿ ಉಳಿದಿರಲಿಲ್ಲ, ತಾಮ್ರದ ಮೇಲೊಂದು ತೆಳ್ಳನೆಯ ಬಿಳುಪು ಅಷ್ಟೆ. ಟಿಬೇರಿಯಸ್, ಸೆವೆರಸ್, 260ರ ದಶಕದಲ್ಲಿ ಆಳಿದ ಗ್ಯಾಲಿಯೆನಸ್, ಈ ಮೂವರ ನಾಣ್ಯಗಳನ್ನು ಅಂಗೈ ಮೇಲೆ ಸಾಲಾಗಿ ಇಡಿ. ಬಿಳಿ, ಬೂದು, ಕಂದು. ಆ ಸಾಮ್ರಾಜ್ಯದ ಖಜಾನೆಗೆ ಏನಾಯಿತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಈ ಬಿಳಿ ಬೆಳ್ಳಿ ನಮ್ಮ ಕಡೆಗೂ ಬಂದಿತು. ಕರಿಮೆಣಸು, ಮುತ್ತು, ಹತ್ತಿಬಟ್ಟೆ ಹಡಗು ಹತ್ತಿದವು, ನಾಣ್ಯ ಇಳಿಯಿತು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್, ಅಂದರೆ ಒಂದೂಕಾಲು ಕೋಟಿ ದಿನಾರಿಯಸ್ ಹಣವನ್ನು ಎಳೆದುಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಇದೇ ವ್ಯಾಪಾರದ ಬಗ್ಗೆ. ಅದೇ ಪ್ಲಿನಿ ಸಿಂಹಳದ ಒಂದು ಪ್ರಸಂಗ ಹೇಳುತ್ತಾನೆ. ಗಾಳಿಗೆ ಸಿಕ್ಕಿ ಅಲ್ಲಿಗೆ ಬಂದಿಳಿದ ರೋಮನ್ನನೊಬ್ಬನ ಬಳಿಯಿದ್ದ ದಿನಾರಿಯಸ್‌ಗಳನ್ನು ಅಲ್ಲಿನ ರಾಜ ನೋಡಿದನಂತೆ. ಮೇಲಿನ ಮುಖಗಳು ಬೇರೆ ಬೇರೆ ಅರಸರವು, ತೂಕ ಮಾತ್ರ ಸಮ. ಆ ಜನರ ಪ್ರಾಮಾಣಿಕತೆಗೆ ರಾಜ ತಲೆದೂಗಿದನಂತೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನದು ಆಗಸ್ಟಸ್ ಮತ್ತು ಟಿಬೇರಿಯಸರದು, ಅಂದರೆ ನೀರೋ ಬೆಳ್ಳಿ ಇಳಿಸುವುದಕ್ಕೆ ಮುಂಚಿನದು. ನಮ್ಮ ವರ್ತಕರು ಯಾವುದನ್ನು ನಂಬುತ್ತಿದ್ದರು ಎಂದು ಊಹಿಸಬಹುದು.

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂಥ 163 ನಾಣ್ಯಗಳು ಒಟ್ಟಿಗೆ ಸಿಕ್ಕವು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಟಿಬೇರಿಯಸನ ದಿನಾರಿಯಸ್ ದೊರೆತಿದೆ. ಇಲ್ಲಿ ನನ್ನ ಮೇಜಿನ ಮೇಲಿದೆಯಲ್ಲ, ಅಂಥದ್ದೇ.

ಕೊಳ್ಳುವವರು ಮೋಸದ ಬಗ್ಗೆಯೂ ತಿಳಿದಿರಬೇಕು. ಅಸಲಿ ನಾಣ್ಯವನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದರು, ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಚಿತ್ರ ಎಡಕ್ಕೆ ಜಾರಿದ್ದರೆ ಇನ್ನೊಂದರಲ್ಲಿ ಅಂಚು ಸೀಳಿರುತ್ತದೆ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಾಣಬಹುದು, ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿರಬಹುದು, ಅಕ್ಷರಗಳು ಕರಗಿದ ಸಾಬೂನಿನ ಹಾಗಿರುತ್ತವೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಸೀಳು ಕಂಡರೆ ಹಿಂದೆ ಸರಿಯಿರಿ. ಇನ್ನೊಂದು ಬಗೆಯ ಖೋಟಾ ಇದೆ, ಅದನ್ನು ಮಾತ್ರ ಬಿಡಬೇಡಿ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತಗಡು ಹೊದಿಸಿ ಆ ಕಾಲದ ಕಳ್ಳರೇ ಮಾಡಿದ್ದು. ತಗಡು ಹರಿದ ಕಡೆ ಹಸಿರು ಕಿಲುಬು ಇಣುಕುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಮೋಸವೂ ಚರಿತ್ರೆಯೇ.

ಟಿಬೇರಿಯಸನ ಈ ನಾಣ್ಯಕ್ಕೆ ಮಾರುಕಟ್ಟೆಯಲ್ಲಿ ಬೆಲೆ ತುಸು ಹೆಚ್ಚು. ‘ಕೈಸರನದನ್ನು ಕೈಸರನಿಗೆ ಕೊಡಿರಿ’ ಎಂದು ಹೇಳುವಾಗ ಯೇಸು ತರಿಸಿ ನೋಡಿದ್ದು ಇದನ್ನೇ ಎಂಬ ನಂಬಿಕೆ ಅದಕ್ಕೆ ಕಾರಣ. ಕೈಸರ ಎಂದರೆ ಸೀಸರ್, ಚಕ್ರವರ್ತಿ. ಹೊಸಬರು ಸೆವೆರಸನ ವಂಶದವರಿಂದ ಶುರು ಮಾಡಿದರೆ ಜೇಬಿಗೆ ಹಗುರ, ಓದುವುದಕ್ಕೂ ಸಾಕಷ್ಟಿರುತ್ತದೆ.

ಕೊನೆಯದಾಗಿ, ಹಳ್ಳಿಗಳಲ್ಲಿ ಕೇಳುತ್ತಿರುವವರಿಗೆ. ಪಾಯ ತೋಡುವಾಗಲೋ ಹೊಲ ಉಳುವಾಗಲೋ ನಾಣ್ಯದ ಕುಡಿಕೆ ಸಿಕ್ಕರೆ ಅದನ್ನು ಅಕ್ಕಸಾಲಿಗನ ಬಳಿಗೆ ಒಯ್ಯಬೇಡಿ, ಮಾರಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರಗಿದರೆ ಅದು ಹಿಡಿಯಷ್ಟು ಬೆಳ್ಳಿ. ಬಿಡಿಬಿಡಿಯಾಗಿ ಮಾರಿದರೆ ಯಾವ ಊರಿನದು, ಯಾವುದರ ಜೊತೆ ಇತ್ತು ಎನ್ನುವುದು ಅಳಿಸಿಹೋಗುತ್ತದೆ. ಯಶವಂತಪುರದ 163ರ ಬಗ್ಗೆ ಇವತ್ತು ಮಾತಾಡಲು ಆಗುತ್ತಿರುವುದು ಅವು ಎಲ್ಲಿ ಸಿಕ್ಕವೆಂದು ಯಾರೋ ಬರೆದಿಟ್ಟದ್ದರಿಂದ. ಕುಡಿಕೆಯ ಚೂರುಗಳನ್ನೂ ಎಸೆಯದೆ ಇಡಿ. ಮಣ್ಣು ಮೆತ್ತಿದ್ದರೆ ಮೆತ್ತಿಯೇ ಇರಲಿ, ತೊಳೆಯಬೇಡಿ.

ನಮಸ್ಕಾರ.