ಹುಲಿಗೂ ಹಸಿವಾಗಿತ್ತಲ್ಲ?

ಎಲ್ಲರಿಗೂ ನಮಸ್ಕಾರ. ಮುಂಬಯಿ ಲೋಕಲ್ ರೈಲುಗಳನ್ನು ದುರಸ್ತಿಗೆಂದು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿ ಡೊಂಬಿವಲಿ, ವಸಾಯಿಗಳಿಂದ ಮಾಟುಂಗಕ್ಕೆ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ.

ನಾನು ಹಗಲು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಮಾಷ್ಟ್ರು ಆಗಿದ್ದವನು. ಹುಡುಗರೆಲ್ಲ ಹೋಟೆಲಿನವರು, ಸೋಡಾಪುಡಿಗೆ ಬೆರಳು ಬಿರಿದಿರುತ್ತಿತ್ತು. ಒಂದು ರಾತ್ರಿ ಪುಣ್ಯಕೋಟಿಯ ಹಾಡು ಮುಗಿಸಿದೆ. ಹಸು ಮಾತಿಗೆ ತಪ್ಪದೆ ಮರಳಿತು, ಹುಲಿ ಪ್ರಾಣ ಬಿಟ್ಟಿತು. ಹಿಂದಿನ ಬೆಂಚಿನವನೊಬ್ಬ ಕೇಳಿದ: “ಸರ್, ಹುಲಿಗೂ ಹಸಿವಾಗಿತ್ತಲ್ಲ?” ಊಟ ಮಾಡಿ ಶಾಲೆಗೆ ಬರುವ ಮಕ್ಕಳು ಇದನ್ನು ಕೇಳುವುದಿಲ್ಲ. ನನಗಂತೂ ಉತ್ತರ ಹೊಳೆಯಲಿಲ್ಲ.

ಭಾರತದ ಕಥೆಯನ್ನೇ ನೋಡಿ. ದ್ರೌಪದಿ ಸಭೆಯಲ್ಲಿ ಕೇಳಿದ್ದು ಪಕ್ಕಾ ವಕೀಲಿ ಪ್ರಶ್ನೆ: ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿಯದು? ವಿಕರ್ಣ ಅವಳ ಪರ ಮಾತಾಡಿದ. ಭೀಷ್ಮರು ಧರ್ಮ ಸೂಕ್ಷ್ಮ ಎಂದು ಜಾರಿಕೊಂಡರು. 18 ದಿನ ಯುದ್ಧವಾಯಿತು, ದುರ್ಯೋಧನನ ತೊಡೆ ಮುರಿಯಿತು. ಆ ಪ್ರಶ್ನೆ ಇದ್ದಲ್ಲೇ ಇದೆ. ಪೂರ್ತಿ ನ್ಯಾಯ ಎಲ್ಲಾದರೂ ಸಿಗುತ್ತದೆಂದು ನಾನು ನಂಬುವವನಲ್ಲ, ಸಾಹಿತ್ಯದಲ್ಲೂ. ಒಳ್ಳೆಯ ಕಥೆ ಲೆಕ್ಕ ಚುಕ್ತಾ ಆಯಿತೆಂದು ಸುಳ್ಳು ಹೇಳುವುದಿಲ್ಲ, ಅಷ್ಟೆ.

ನಮ್ಮ ಮುಂಬಯಿಯ ಬಟ್ಟೆ ಗಿರಣಿ ಮುಷ್ಕರ 1982ರ ಜನವರಿ 18ಕ್ಕೆ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮುಗಿಯಿತೆಂದು ಯಾರೂ ಸಾರಲಿಲ್ಲ. ಲೋವರ್ ಪರೇಲಿನಲ್ಲಿ ಗಿರಣಿ ಇದ್ದಲ್ಲಿ ಈಗ ಮಾಲ್ ಇದೆ.

ನಾನು ಹತ್ತಿರದಿಂದ ಕಂಡದ್ದು ಒಂದೇ ಕೇಸು. ಕುಂದಾಪುರ ಕಡೆಯ ಅಡುಗೆ ಭಟ್ಟರೊಬ್ಬರು, ಒಂದೇ ಹೋಟೆಲಿನಲ್ಲಿ 19 ವರ್ಷ. ಬಿಡುವಾಗ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳಿಗೆ ಮಾಲೀಕರು ಕೊಡಬೇಕಾದ ಇಡಿಗಂಟು, ಕೇಳಿದರು. ಆಗಿದ್ದ 1972ರ ಕಾಯ್ದೆ ಸರಳವಾಗಿತ್ತು: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ ಗುಣಿಸಬೇಕಿತ್ತು. ಸಂಬಳ 2,600, ಬರಬೇಕಾದದ್ದು 28,500 ರೂಪಾಯಿ. ಆದರೆ ಮಸ್ಟರಿನಲ್ಲಿ, ಅಂದರೆ ಕೆಲಸಗಾರರ ಹಾಜರಿ ಪುಸ್ತಕದಲ್ಲಿ, ಅವರ ಹೆಸರೇ ಇರಲಿಲ್ಲ. ಲೇಬರ್ ಕೋರ್ಟಿನಲ್ಲಿ ಸಾಹುಕಾರರು, “ಇವರ ಪರಿಚಯವೇ ನನಗಿಲ್ಲ” ಎಂದರು. ಅವರ ಮಗನ ಮುಂಜಿಗೆ ಹೋಳಿಗೆ ಬೇಯಿಸಿದ್ದು ಇದೇ ಭಟ್ಟರು!

ಕೇಸು ಉಳಿಸಿದ್ದು ವಕೀಲರಲ್ಲ, ಊರಲ್ಲಿದ್ದ ಭಟ್ಟರ ಹೆಂಡತಿ. ತಿಂಗಳು ತಿಂಗಳು ಬಂದ ಮನಿಯಾರ್ಡರಿನ ಕೂಪನ್ನುಗಳನ್ನು ಆಕೆ ಅಡುಗೆಮನೆಯ ತಂತಿಗೆ ಚುಚ್ಚಿಟ್ಟಿದ್ದರು. ಹೊಗೆ ಹಿಡಿದು ಕಂದಾಗಿದ್ದವು. ಪ್ರತಿಯೊಂದರಲ್ಲೂ ಕಳಿಸಿದವರ ವಿಳಾಸ, ಅದೇ ಹೋಟೆಲಿನದು, ಕೆಳಗೆ ಎರಡು ಸಾಲು, “ಕರುವಿಗೆ ಔಷಧ ಹಾಕು”, “ಮಳೆಗಾಲ ಮುಗಿದ ಮೇಲೆ ಬರುತ್ತೇನೆ.” ತಾರೀಖಿನ ಮೇಲೆ ತಾರೀಖು ಬಿದ್ದು ಏಳನೇ ವರ್ಷ ಭಟ್ಟರು ಗೆದ್ದರು, ಬಡ್ಡಿ ಸಮೇತ.

ಚೆಕ್ಕು ಕೈಗೆ ಬಂದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಕೇಳಿದರು: “ಲೆಕ್ಕ ಸರಿ ಇತ್ತ್ ಮಾಷ್ಟ್ರೇ. ಆರೆ ನನ್ನ ಪರಿಚಯವೇ ಇಲ್ಲ ಅಂದ್ರಲೆ, ಅದಕ್ಕೆಂತ?”

ಅರ್ಜಿ ಟೈಪು ಮಾಡಿದವನು ನಾನೇ. ಅದನ್ನು ಬರೆಯುವ ಕಾಲಂ ಆ ಫಾರಮ್ಮಿನಲ್ಲಿರಲಿಲ್ಲ. ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೂಪನ್ನುಗಳು ವಾಪಸು ಬೇಕು, ಹೆಂಡತಿ ಕೇಳುತ್ತಿದ್ದಾಳೆ ಎಂದರು. ಅವು ಕೋರ್ಟಿನ ಫೈಲಿನಲ್ಲಿದ್ದವು. ಇನ್ನೊಂದು ಅರ್ಜಿ ಹಾಕಿದೆವು. ಅದಕ್ಕೂ ತಾರೀಖು ಬಿತ್ತು.