ಆರ್‌ಸಿಇಪಿ: ಹಾಲಿನ ಹೆಸರಲ್ಲಿ ನಡೆದ ಚೀನಾ ಜಗಳ

[ಪರದೆಯ ಮೇಲೆ: ಬ್ಯಾಂಕಾಕ್, 4 ನವೆಂಬರ್ 2019]

ಹದಿನಾರು ದೇಶಗಳು ಸೇರಿ ದೊಡ್ಡದೊಂದು ವ್ಯಾಪಾರ ಕೂಟ ಕಟ್ಟಲು ಹೊರಟಿದ್ದವು. 2012ರಲ್ಲಿ ಶುರುವಾದ ಮಾತುಕತೆ ಇನ್ನೇನು ಮುಗಿಯಬೇಕು. ಆಗ ಪ್ರಧಾನಿ ಮೋದಿ, ನಾವು ಸೇರುವುದಿಲ್ಲ ಅಂದುಬಿಟ್ಟರು. ಇದಕ್ಕೆ ಕಡುಬಡವನನ್ನು ನೆನೆದು ನಿರ್ಧರಿಸು ಅಂತ ಗಾಂಧೀಜಿ ಕೊಟ್ಟ ಮಂತ್ರವೂ ಒಪ್ಪುವುದಿಲ್ಲ, ನನ್ನ ಮನಸ್ಸಾಕ್ಷಿಯೂ ಒಪ್ಪುವುದಿಲ್ಲ ಎಂದರು.

ನಮಸ್ಕಾರ. ಆ ಕೂಟದ ಹೆಸರು ಆರ್‌ಸಿಇಪಿ, ಅಂದರೆ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ. ಒಬ್ಬರ ಸರಕಿಗೆ ಇನ್ನೊಬ್ಬರು ಆಮದು ಸುಂಕ ಇಳಿಸುವ ಒಪ್ಪಂದ. ಆಸಿಯಾನ್ ಅನ್ನುವ ಆಗ್ನೇಯ ಏಷ್ಯಾ ಒಕ್ಕೂಟದ ಆಗಿನ ಹತ್ತು ದೇಶಗಳು, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಾವಿಲ್ಲದೆಯೇ ಈ 15 ದೇಶಗಳು 2020ರ ನವೆಂಬರ್‌ನಲ್ಲಿ ಸಹಿ ಹಾಕಿದವು. 2022ರ ಜನವರಿಯಿಂದ ಒಪ್ಪಂದ ಜಾರಿಯಲ್ಲಿದೆ. ನಾವು ಹೊರಬಂದಿದ್ದು ಸರಿಯೋ ತಪ್ಪೋ ಅನ್ನುವ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಆಗ ಯಾರು ಯಾವ ಕಡೆ ಇದ್ದರು ನೋಡಿ, ಮಜಾ ಇದೆ. ಬೇಡ ಅಂದವರಲ್ಲಿ ಎಡಪಕ್ಷಗಳ ರೈತ ಸಂಘಟನೆಗಳಿದ್ದವು. ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚ್ ಇತ್ತು. ನಮ್ಮ ರಾಜ್ಯ ರೈತ ಸಂಘವೂ ಇತ್ತು. ಅಮುಲ್ ಇತ್ತು. ಕಾಂಗ್ರೆಸ್ಸೂ ಇತ್ತು! ಮಾತುಕತೆ ಶುರು ಮಾಡಿದ್ದೇ ಮನಮೋಹನ್ ಸಿಂಗ್ ಸರ್ಕಾರ ಅನ್ನುವುದನ್ನು ಯಾರೂ ಜಾಸ್ತಿ ನೆನಪಿಸಲು ಹೋಗಲಿಲ್ಲ. ಬೇಕು ಅಂದವರು ಮುಖ್ಯವಾಗಿ ಅರ್ಥಶಾಸ್ತ್ರಜ್ಞರು. ನೀತಿ ಆಯೋಗದ ಉಪಾಧ್ಯಕ್ಷರಾಗಿದ್ದ ಅರವಿಂದ ಪನಗಾರಿಯಾ ಅವರಲ್ಲಿ ಒಬ್ಬರು. ಹೊರಗೆ ಉಳಿದರೆ ದೊಡ್ಡ ಕಂಪನಿಗಳು ಇಲ್ಲಿಗೆ ಯಾಕೆ ಬರುತ್ತವೆ ಅನ್ನುವುದು ಅವರ ವಾದ.

[ಪರದೆಯ ಮೇಲೆ: ಹಳ್ಳಿಯ ಡೇರಿ, ಬೆಳಗಿನ ಹಾಲು ಅಳೆಯುವ ದೃಶ್ಯ]

ಮೊದಲು ಹಾಲಿನ ವಿಷಯ. ಪ್ರಪಂಚದಲ್ಲೇ ಅತಿ ಹೆಚ್ಚು ಹಾಲು ಕರೆಯುವುದು ಭಾರತ. ನ್ಯೂಜಿಲೆಂಡ್ ನಮ್ಮ ಮುಂದೆ ಚಿಕ್ಕದು, ಜನಸಂಖ್ಯೆ ಅರ್ಧ ಕೋಟಿ. ಹಾಗಿದ್ದರೆ ಹೆದರಿಕೆ ಯಾಕೆ? ನಮ್ಮ ಹಾಲು ಬಹುಪಾಲು ನಾವೇ ಕುಡಿದು ಮುಗಿಸುತ್ತೇವೆ. ಅವರು ಸುಮಾರು ನೂರಕ್ಕೆ 95 ಪಾಲನ್ನು ಹೊರಗೆ ಮಾರುತ್ತಾರೆ. ಅದೂ ಹಸಿ ಹಾಲಲ್ಲ, ಪುಡಿ, ಬೆಣ್ಣೆ, ಚೀಸ್.

ಪುಡಿಯಲ್ಲೇ ಇರುವುದು ಸಮಸ್ಯೆ. ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಕೆಎಂಎಫ್‌ನಂಥ ಒಕ್ಕೂಟಗಳು, ಮಾರಾಟವಾಗದೆ ಉಳಿದ ಹಾಲನ್ನು ಪುಡಿ ಮಾಡಿ ಇಡುತ್ತವೆ. ಪುಡಿಗೆ ಒಳ್ಳೆ ಬೆಲೆ ಇದ್ದರೆ ಬಚಾವ್. ಬೆಲೆ ಬಿದ್ದರೆ ಆ ನಷ್ಟ ತಿರುಗಿ ಬರುವುದು ರೈತರಿಗೆ ಕೊಡುವ ಲೀಟರ್ ದರದ ಮೇಲೆ. 2018ರಲ್ಲಿ ದೇಶದಲ್ಲಿ ಪುಡಿ ದಾಸ್ತಾನು ಜಾಸ್ತಿಯಾಗಿ ಬೆಲೆ ಕುಸಿದಿತ್ತು. ಆ ಪೆಟ್ಟು ಹೈನುಗಾರರ ಮನಸ್ಸಲ್ಲಿ ಇನ್ನೂ ಹಸಿಯಾಗಿದ್ದಾಗಲೇ ಈ ಒಪ್ಪಂದದ ಸುದ್ದಿ ಬಂತು. ಆಗ ಹೊರಗಿನ ಕೆನೆರಹಿತ ಹಾಲಿನ ಪುಡಿಗೆ 60 ಪರ್ಸೆಂಟ್ ಸುಂಕ ಇತ್ತು. ವರ್ಷಕ್ಕೆ 10,000 ಟನ್ ಮಾತ್ರ 15 ಪರ್ಸೆಂಟ್‌ಗೆ ಬರಬಹುದಿತ್ತು. ಆ ಗೋಡೆ ಬಿದ್ದರೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಕೂಟಕ್ಕೆ ಸೇರಿದ ಮಾತ್ರಕ್ಕೆ ಹಾಲನ್ನು ಬಿಟ್ಟುಕೊಡಲೇಬೇಕಿತ್ತಾ? ಜಪಾನ್ ಅದೇ ಒಪ್ಪಂದಕ್ಕೆ ಸಹಿ ಹಾಕಿತು. ಅಕ್ಕಿ, ಗೋಧಿ, ಮಾಂಸ, ಸಕ್ಕರೆ, ಹಾಲಿನ ಪದಾರ್ಥ, ಈ ಐದನ್ನೂ ಸುಂಕ ಕಡಿತದಿಂದ ಹೊರಗಿಟ್ಟುಕೊಂಡಿತು. ಅಂದರೆ ಹಾಲನ್ನು ಉಳಿಸಿಕೊಳ್ಳಲು ದಾರಿ ಇತ್ತು. ಹಾಲಿನ ಮಾತು ಜನರಿಗೆ ಬೇಗ ಅರ್ಥವಾಗುತ್ತದೆ, ಅದಕ್ಕೇ ಮುಂದೆ ಬಂತು. ಕೋಣೆಯೊಳಗಿನ ನಿಜವಾದ ಜಗ್ಗಾಟ ಚೀನಾದ್ದು ಅಂತ ನನಗನ್ನಿಸುತ್ತದೆ.

[ಪರದೆಯ ಮೇಲೆ: 2014? 2019?]

ಅದರಲ್ಲಿ ಎರಡು ಗಂಟುಗಳಿದ್ದವು. ಸುಂಕ ಇಳಿಸುವುದಾದರೆ ಯಾವ ವರ್ಷದ ಸುಂಕದಿಂದ ಲೆಕ್ಕ? ಉಳಿದವರು 2014 ಅಂದರು. ನಾವು 2019 ಅಂದೆವು. ಐದು ವರ್ಷ ಆಚೀಚೆ ಆದರೆ ಏನು ಮಹಾ ಅನ್ನಬೇಡಿ. ಆ ಐದು ವರ್ಷದಲ್ಲೇ ನಾವು ಮೊಬೈಲ್ ಫೋನಿನ ಆಮದು ಸುಂಕವನ್ನು ಸೊನ್ನೆಯಿಂದ 20 ಪರ್ಸೆಂಟ್‌ಗೆ ಏರಿಸಿದ್ದೆವು, ಇಲ್ಲೇ ಕಾರ್ಖಾನೆ ಬರಲಿ ಅಂತ. 2014ರ ಲೆಕ್ಕ ಒಪ್ಪಿದರೆ ಅಷ್ಟೂ ನೀರುಪಾಲು.

ಇನ್ನೊಂದು, ಸರಕಿನ ಹುಟ್ಟೂರು. ಒಂದು ವಸ್ತು ನಿಜವಾಗಿ ಎಲ್ಲಿ ತಯಾರಾಯಿತು ಅಂತ ನಿರ್ಧರಿಸುವ ನಿಯಮ. ಇದು ಕೊಡಗು, ಚಿಕ್ಕಮಗಳೂರು, ಹಾಸನದ ಮೆಣಸು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ವಿಯೆಟ್ನಾಂನ ಅಗ್ಗದ ಕರಿಮೆಣಸು ಶ್ರೀಲಂಕಾ ಸುತ್ತಿಕೊಂಡು, ಅಲ್ಲಿನ ಬೆಳೆ ಅನ್ನುವ ಹೆಸರಲ್ಲಿ, ಕಡಿಮೆ ಸುಂಕಕ್ಕೆ ಇಲ್ಲಿಗೆ ಬರುತ್ತಿದೆ ಅಂತ ಅವರು ವರ್ಷಗಟ್ಟಲೆ ದೂರಿದ್ದರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಮೆಣಸು ತರಿಸುವಂತಿಲ್ಲ ಎಂದು ಆದೇಶ ಮಾಡಬೇಕಾಯಿತು. ಮೆಣಸಿನಲ್ಲೇ ಹೀಗಾದರೆ, ಚೀನಾದ ಬಿಡಿಭಾಗ ಬೇರೆ ದೇಶದ ಹಣೆಪಟ್ಟಿ ಹಚ್ಚಿಕೊಂಡು ಬಂದರೆ ಹಿಡಿಯುವವರು ಯಾರು?

ಸರಿ, ಹೊರಗೆ ಉಳಿದೆವು. ಚೀನಾ ಸರಕು ನಿಂತಿತಾ?

[ಪರದೆಯ ಮೇಲೆ: ಚೀನಾ ಜೊತೆಗಿನ ವ್ಯಾಪಾರ ಕೊರತೆ. 2018-19: ಸುಮಾರು 5,300 ಕೋಟಿ ಡಾಲರ್. 2024-25: ಸುಮಾರು 9,900 ಕೋಟಿ ಡಾಲರ್]

ನಿಲ್ಲಲಿಲ್ಲ. ಕೊರತೆ, ಅಂದರೆ ನಾವು ಅವರಿಗೆ ಮಾರಿದ್ದಕ್ಕಿಂತ ಹೆಚ್ಚಾಗಿ ಅವರಿಂದ ಕೊಂಡದ್ದು, ಹತ್ತಿರ ಹತ್ತಿರ ಎರಡು ಪಟ್ಟಾಗಿದೆ. ಇಲ್ಲಿ ಜೋಡಿಸುವ ಫೋನಿಗೆ ಬೇಕಾದ ಭಾಗ, ಔಷಧಿಯ ಕಚ್ಚಾವಸ್ತು, ಸೋಲಾರ್ ಫಲಕ, ಎಲ್ಲವೂ ಬರುತ್ತಲೇ ಇವೆ. ಒಪ್ಪಂದದ ಪರ ಇದ್ದವರು ಇದನ್ನೇ ತೋರಿಸುತ್ತಾರೆ. 2024ರಲ್ಲಿ ನೀತಿ ಆಯೋಗದ ಸಿಇಒ ಆಗಿದ್ದ ಬಿ.ವಿ.ಆರ್. ಸುಬ್ರಹ್ಮಣ್ಯಂ ಅವರೇ, ಭಾರತ ಆರ್‌ಸಿಇಪಿಗೆ ಸೇರಬೇಕು ಅಂದರು. ವಿರೋಧಿಸಿದವರ ಉತ್ತರವೂ ನೇರವಾಗಿದೆ: ಸುಂಕ ಇದ್ದೇ ಇಷ್ಟು ಬಂತು, ಸುಂಕ ತೆಗೆದಿದ್ದರೆ? 2010ರಿಂದ ಜಾರಿಯಲ್ಲಿರುವ ಆಸಿಯಾನ್ ಒಪ್ಪಂದದ ನಂತರವೂ ನಮ್ಮ ಕೊರತೆ ಬೆಳೆಯುತ್ತಲೇ ಹೋಯಿತಲ್ವಾ? ಈ ಪ್ರಶ್ನೆಗೆ ಪರ ಇರುವವರಿಂದ ನನಗೆ ಸಮಾಧಾನವಾಗುವ ಉತ್ತರ ಸಿಕ್ಕಿಲ್ಲ. ಹೊರಗೆ ಉಳಿದಿದ್ದೇ ದೊಡ್ಡ ಗೆಲುವು ಅನ್ನುವವರು ಮೇಲಿನ ಅಂಕಿಯನ್ನು ಹೇಗೆ ವಿವರಿಸುತ್ತಾರೆ ಅನ್ನುವುದೂ ಗೊತ್ತಾಗಿಲ್ಲ.

ಈಗ ಆ ಹದಿನೈದರ ಪಟ್ಟಿಗೆ ಮತ್ತೆ ಬನ್ನಿ. ಆಸಿಯಾನ್ ಜೊತೆ ನಮಗೆ ಒಪ್ಪಂದ ಇದೆ. ಕೊರಿಯಾ, ಜಪಾನ್ ಜೊತೆ ಇದೆ. ಆಸ್ಟ್ರೇಲಿಯಾ ಜೊತೆ 2022ರಲ್ಲಿ ಆಯಿತು. 2025ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಜೊತೆಗೂ ಮಾತುಕತೆ ಮುಗಿಯಿತು. ಪಟ್ಟಿಯಲ್ಲಿ ಉಳಿದಿದ್ದು ಒಂದೇ ಹೆಸರು, ಚೀನಾ.

ಹಾಲಿನ ಕಥೆ ಏನಾಯಿತು ಅಂತೀರಾ? ನ್ಯೂಜಿಲೆಂಡ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಹಾಲು, ಮೊಸರು, ಚೀಸ್ ಯಾವುದಕ್ಕೂ ನಾವು ಬಾಗಿಲು ತೆಗೆಯಲಿಲ್ಲ. ಹಾಗಾಗಿ ಈ ಸಲ ಗಲಾಟೆ ಶುರುವಾಗಿದ್ದು ಅಲ್ಲಿ. ಅವರ ವಿದೇಶಾಂಗ ಸಚಿವ ವಿನ್ಸ್‌ಟನ್ ಪೀಟರ್ಸ್, ತಾವೇ ಇರುವ ಸರ್ಕಾರದ ಒಪ್ಪಂದವನ್ನು ಬಹಿರಂಗವಾಗಿ ವಿರೋಧಿಸಿದರು. ನ್ಯೂಜಿಲೆಂಡಿನ ಹೈನುಗಾರರಿಗೆ ಏನು ಸಿಕ್ಕಿತು ಅನ್ನುವುದು ಅವರ ತಕರಾರು.