ಮರದ ಧೂಳು ಎದೆಗಿಳಿಯದಿರಲಿ

ನಮಸ್ಕಾರ. ಬಡಗಿ ಕೆಲಸ ಮಾಡುವವರು, ಸಾ ಮಿಲ್‌ನಲ್ಲಿ ದುಡಿಯುವವರು, ಮನೆಮನೆಗೆ ಹೋಗಿ ವಾರ್ಡ್‌ರೋಬ್ ಕೂರಿಸುವ ಹುಡುಗರು, ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ಆಲೆ ಮರದ ಬೊಂಬೆ ತಿರುಗಿಸುವ ಅಕ್ಕಂದಿರು, ಅಣ್ಣಂದಿರು, ಇವತ್ತು ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ಪಕ್ಕದಲ್ಲಿ ಮಿಷನ್ ಓಡುತ್ತಿದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿ, ಕೇಳಿ.

ನಾನು ಎದೆ ರೋಗಗಳ ವೈದ್ಯ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನಿಮ್ಮ ಎದೆ ಕೆಡಿಸುವುದು ಕಣ್ಣಿಗೆ ಕಾಣುವ ಧೂಳಲ್ಲ. ಕಾಣದ ಧೂಳು.

ಗರಗಸದಿಂದ ಉದುರುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಕೀಸುಳಿ ತಳ್ಳಿದಾಗ ಬರುವ ಸುರುಳಿಯೂ ಕಾಲ ಬಳಿಯೇ ಬೀಳುತ್ತದೆ. ಅದನ್ನು ಗುಡಿಸಿ ಚೀಲಕ್ಕೆ ತುಂಬಿ, ಕೋಳಿ ಫಾರಂಗೋ ಒಲೆಗೋ ಕೊಡುತ್ತೀರಿ. ಅದರಿಂದ ನಿಮ್ಮ ಶ್ವಾಸಕೋಶಕ್ಕೆ ಹೆಚ್ಚಿನ ತೊಂದರೆ ಇಲ್ಲ. ಅಷ್ಟು ದಪ್ಪ ಪುಡಿ ಒಳಗೆ ಹೋಗುವುದೇ ಕಷ್ಟ. ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಸೀನಿದರೆ ಹೊರಗೆ ಬರುತ್ತದೆ.

ಈಗ ಮರ ಉಜ್ಜಿ ನುಣುಪು ಮಾಡುವ ಮಿಷನ್, ಅಂದರೆ ಸ್ಯಾಂಡರ್ ಹಿಡಿಯಿರಿ. ತೇಗದ ಹಲಗೆಯನ್ನೋ, ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಎಂಡಿಎಫ್ ಶೀಟನ್ನೋ ಉಜ್ಜಿ. ಒಂದು ಮಿಲಿಮೀಟರನ್ನು 1000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಸ್ಯಾಂಡರ್ ಎಬ್ಬಿಸುವ ಧೂಳಿನಲ್ಲಿ 10 ಮೈಕ್ರಾನ್‌ಗಿಂತ ಸಣ್ಣದೂ ಇರುತ್ತದೆ, 5ಕ್ಕಿಂತ ಸಣ್ಣದೂ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೇಗ ನೆಲಕ್ಕೂ ಬೀಳುವುದಿಲ್ಲ. ನೀವು ಸ್ಯಾಂಡರ್ ಆಫ್ ಮಾಡಿ, ಕೈ ತೊಳೆದು, ಅಲ್ಲೇ ಕೂತು ಬುತ್ತಿ ಬಿಚ್ಚುತ್ತೀರಲ್ಲ, ಆಗಲೂ ಅದು ನಿಮ್ಮ ಮುಖದ ಮುಂದೆ ತೇಲುತ್ತಲೇ ಇರುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಉಸಿರುನಾಳದ ಗೋಡೆಯಲ್ಲಿ ಸಣ್ಣ ಸಣ್ಣ ರೋಮಗಳಿವೆ, ಅವು ಕೊಳೆಯನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಆದರೆ ಆ ತುದಿಯ ಗಾಳಿಚೀಲಗಳಲ್ಲಿ ಅಂಥ ರೋಮಗಳಿಲ್ಲ.

ನಾನು ಹೀಗೆ ಹೇಳಿದಾಗೆಲ್ಲ ಒಂದು ಉತ್ತರ ಬರುತ್ತದೆ. "ಡಾಕ್ಟ್ರೇ, ನಮ್ಮಪ್ಪ ಸಾಯೋವರೆಗೂ ಇದೇ ಕೆಲಸ ಮಾಡಿದ್ರು, ಅವ್ರಿಗೇನೂ ಆಗ್ಲಿಲ್ಲ." ಸರಿ. ನಿಮ್ಮಪ್ಪ ಎಲ್ಲಿ ಕೆಲಸ ಮಾಡಿದರು? ಚಪ್ಪರದ ಕೆಳಗೆ, ಬಯಲಲ್ಲಿ, ಉಳಿ, ಬಾಚಿ, ಕೀಸುಳಿ ಹಿಡಿದು. ಅವರ ಕೈಯಿಂದ ಬಂದದ್ದು ಸುರುಳಿ. ನೀವು ಕೆಲಸ ಮಾಡುವುದು ಶಟರ್ ಎಳೆದ ಮಳಿಗೆಯಲ್ಲಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮಿಷನ್ ಹಿಡಿದು. ನಿಮ್ಮ ಕೈಯಿಂದ ಬರುವುದು ಹೊಗೆಯಂಥ ಪುಡಿ. ಕಸುಬು ಅದೇ ಇರಬಹುದು, ಧೂಳು ಅದೇ ಅಲ್ಲ.

ಇನ್ನೊಂದು ಉತ್ತರ, ಬೆಲ್ಲ. ಸಂಜೆ ಒಂದು ಚೂರು ಬೆಲ್ಲ, ಇಲ್ಲವೇ ಬಾಳೆಹಣ್ಣು ತಿಂದರೆ ಧೂಳೆಲ್ಲ ಇಳಿದುಹೋಗುತ್ತದೆ ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ದಯವಿಟ್ಟು ಅರ್ಥ ಮಾಡಿಕೊಳ್ಳಿ. ಬೆಲ್ಲ ಹೋಗುವುದು ಅನ್ನನಾಳದಲ್ಲಿ, ಧೂಳು ಹೋಗುವುದು ಉಸಿರುನಾಳದಲ್ಲಿ. ಇವೆರಡೂ ಬೇರೆ ಬೇರೆ ದಾರಿ. ಬೆಲ್ಲ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಔಷಧಿ ಅಂದುಕೊಳ್ಳಬೇಡಿ.

ಈಗ ನಾನು ಎಲ್ಲಿ ಹೋದರೂ ಹೇಳುವ ಒಂದು ಘಟನೆ ಹೇಳುತ್ತೇನೆ. ಒಂದು ಊರಿನಲ್ಲಿ ಬಾಗಿಲು, ಕಿಟಕಿ, ಅಡುಗೆಮನೆ ಕಪಾಟು ಮಾಡುವ ವರ್ಕ್‌ಶಾಪ್. ಮಾಲೀಕರು ತುಂಬಾ ಅಚ್ಚುಕಟ್ಟು. ನಾನು ಬರುತ್ತೇನೆಂದು ಊಟಕ್ಕೆ ಮುಂಚೆಯೇ ಕೆಲಸ ನಿಲ್ಲಿಸಿ, ಮೂಲೆ ಮೂಲೆ ಗುಡಿಸಿಸಿದ್ದರು. "ನೋಡಿ ಸಾರ್, ನಮ್ಮಲ್ಲಿ ಒಂದು ಚೂರೂ ಧೂಳಿಲ್ಲ" ಎಂದರು. ನೆಲ ನಿಜಕ್ಕೂ ಹೊಳೆಯುತ್ತಿತ್ತು. ನಾನು ವಾದ ಮಾಡಲಿಲ್ಲ. "ಶಟರ್ ಎಳೆಯಿರಿ, ಲೈಟ್ ಆರಿಸಿ, ಒಂದು ಒಳ್ಳೆ ಟಾರ್ಚ್ ಕೊಡಿ" ಎಂದೆ.

ಟಾರ್ಚನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಎದುರಿನ ಗೋಡೆಯ ಹತ್ತಿರ ನಿಲ್ಲಿಸಿದೆ. ಬೆಳಕು ನಮ್ಮ ಕಡೆಗೇ ಬರುವಂತೆ ಹಿಡಿಯಲು ಹೇಳಿದೆ. ಇದು ಮುಖ್ಯ. ಬೆಳಕಿನ ಹಿಂದೆ ನಿಂತು ನೋಡಿದರೆ ಏನೂ ಕಾಣದು. ಬೆಳಕಿಗೆ ಎದುರಾಗಿ, ಸ್ವಲ್ಪ ಪಕ್ಕಕ್ಕೆ ನಿಂತು, ಬಲ್ಬು ಕಣ್ಣಿಗೆ ಹೊಡೆಯದಂತೆ ಕೈ ಅಡ್ಡ ಹಿಡಿದು ನೋಡಬೇಕು. ನೋಡಿದೆವು. ಮಾಳಿಗೆಯ ಹಂಚಿನ ಸಂದಿಯಿಂದ ಬೆಳಗಿನ ಬಿಸಿಲುಕೋಲು ಬಿದ್ದಾಗ ಕಣಗಳು ಕುಣಿಯುತ್ತವಲ್ಲ, ಹಾಗೆ. ಆದರೆ ಅದರ ಹತ್ತರಷ್ಟು ದಟ್ಟ. ನೆಲದ ಹತ್ತಿರವಲ್ಲ, ಸರಿಯಾಗಿ ನಮ್ಮ ಎದೆಯ ಮಟ್ಟಕ್ಕೆ, ಮುಖದ ಮಟ್ಟಕ್ಕೆ. ಮಿಷನ್ ನಿಂತು ಬಹಳ ಹೊತ್ತಾಗಿತ್ತು. ಮಾಲೀಕರು ಉಸಿರು ಬಿಟ್ಟರೆ ಆ ಕಣಗಳು ಸುರುಳಿ ಸುತ್ತಿ ದೂರ ಹೋಗುತ್ತಿದ್ದವು, ಎಳೆದುಕೊಂಡರೆ ವಾಪಸ್ ಬರುತ್ತಿದ್ದವು. ಅವರು ಎರಡು ಸಲ ಹಾಗೆ ಮಾಡಿ ನೋಡಿ, ಟವೆಲ್‌ನಿಂದ ಬಾಯಿ ಮುಚ್ಚಿಕೊಂಡರು.

"ಈಗ ಸೀಲಿಂಗ್ ಫ್ಯಾನ್ ಹಾಕಿ" ಎಂದೆ. ಕಪಾಟಿನ ಮೇಲೆ, ಟ್ಯೂಬ್‌ಲೈಟ್ ಪಟ್ಟಿಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಕೂತಿದ್ದದ್ದೆಲ್ಲ ಎದ್ದು ಬಂತು. ಎರಡೇ ನಿಮಿಷದಲ್ಲಿ ಟಾರ್ಚ್ ಹಿಡಿದ ಹುಡುಗನ ಮುಖ ಮಸುಕಾಯಿತು.

ಆಮೇಲೆ ಸ್ಯಾಂಡರ್ ಓಡಿಸಿದೆವು. ಮೊದಲು ಹಾಗೇ. ಹಲಗೆಯ ಅಂಚಿನಿಂದ ಬಿಳಿ ಮೋಡ ಎದ್ದು ನೇರವಾಗಿ ಕೆಲಸಗಾರನ ಗಲ್ಲದ ಕೆಳಗೆ ಹೋಗುತ್ತಿತ್ತು. ಆ ಸ್ಯಾಂಡರಿಗೆ ಹಿಂಭಾಗದಲ್ಲಿ ಒಂದು ತೂತಿತ್ತು, ವ್ಯಾಕ್ಯೂಮ್ ಪೈಪ್ ಸಿಕ್ಕಿಸಲೆಂದೇ ಕೊಟ್ಟದ್ದು. ಅದರ ಉಪಯೋಗ ಏನೆಂದು ಅಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ. ಮೂಲೆಯಲ್ಲಿ ಫೈನ್ ಫಿಲ್ಟರ್ ಇದ್ದ ವ್ಯಾಕ್ಯೂಮ್ ಮಿಷನ್ನೂ ಇತ್ತು, ಗಿರಾಕಿಗಳ ಮನೆ ಸ್ವಚ್ಛ ಮಾಡಲು ಇಟ್ಟದ್ದು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಎರಡನ್ನೂ ಜೋಡಿಸಿದೆವು. ಮತ್ತೆ ಸ್ಯಾಂಡರ್ ಹಾಕಿದರೆ ಆ ಮೋಡ ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಹುಟ್ಟಿದ ಜಾಗದಲ್ಲೇ ಪೈಪಿನೊಳಗೆ ಹೋಗುತ್ತಿತ್ತು. ಹುಡುಗರೆಲ್ಲ ಟಾರ್ಚಿಗೆ ಕಿತ್ತಾಡಿ ಒಬ್ಬೊಬ್ಬರೇ ನೋಡಿದರು. ನನಗೆ ಆ ದಿನ ಆದಷ್ಟು ಖುಷಿ ಯಾವ ಆಸ್ಪತ್ರೆಯಲ್ಲೂ ಆಗಿಲ್ಲ.

ನೀವೂ ಇವತ್ತು ರಾತ್ರಿ ಇದನ್ನು ಮಾಡಿ ನೋಡಿ. ಕಾಣದ ಧೂಳನ್ನು ಒಂದು ಸಲ ಕಣ್ಣಾರೆ ನೋಡಿ. ಆಮೇಲೆ ನಾನು ಹೆಚ್ಚು ಹೇಳುವುದೇ ಬೇಡ.

ಸಮಯ ಕಡಿಮೆ ಇದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಧೂಳನ್ನು ಹುಟ್ಟಿದಲ್ಲೇ ಹಿಡಿಯಿರಿ, ಇದೇ ಮೊದಲನೆಯದು. ಅದು ಆಗದಿದ್ದರೆ ಉಜ್ಜುವ ಕೆಲಸವನ್ನು ಹೊರಗೆ ಮಾಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಂತುಕೊಳ್ಳಿ. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೋವರ್ ಹಿಡಿದು ಬಟ್ಟೆ ಮೇಲಿನ ಧೂಳು ಹಾರಿಸುವುದನ್ನು ಇವತ್ತೇ ನಿಲ್ಲಿಸಿ, ಅದು ಕೂತ ಧೂಳನ್ನು ಎಬ್ಬಿಸಿ ಮೂಗಿಗೆ ಕೊಡುತ್ತದೆ.

ಮುಖಕ್ಕೆ ಟವೆಲ್, ಕರ್ಚೀಫು ಕಟ್ಟಿದರೆ ಸಾಲದು. ದಪ್ಪ ಹೊಟ್ಟು ತಡೆಯುತ್ತದೆ, ಸಣ್ಣದು ನೂಲಿನ ಸಂದಿಯಲ್ಲಿ ತೂರಿಹೋಗುತ್ತದೆ. ಎನ್-95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಹಾಕಿ. ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ತಗೊಳ್ಳಿ. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಿ. ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತದೆ, ಮಾಸ್ಕ್‌ನ ಉಪಯೋಗ ತುಂಬಾ ಕಡಿಮೆಯಾಗುತ್ತದೆ. ಮಿಷನ್ ನಿಂತ ತಕ್ಷಣ ಮಾಸ್ಕ್ ತೆಗೆಯಬೇಡಿ. ಯಾಕೆಂದು ಈಗ ನಿಮಗೇ ಗೊತ್ತು.

ಬೀಟೆ, ತೇಗ ಉಜ್ಜಿದಾಗ ಕೆಲವರಿಗೆ ಮೈ ತುರಿಸುತ್ತದೆ, ಕಣ್ಣು ಉರಿಯುತ್ತದೆ. ಎಂಡಿಎಫ್, ಪ್ಲೈವುಡ್‌ನಲ್ಲಿ ಸಾಮಾನ್ಯವಾಗಿ ಮರದ ಜೊತೆ ಫಾರ್ಮಾಲ್ಡಿಹೈಡ್ ಎಂಬ ಘಾಟು ರಾಸಾಯನಿಕ ಸೇರಿದ ಅಂಟೂ ಇರುತ್ತದೆ. ಅವುಗಳ ಹತ್ತಿರ ಇನ್ನೂ ಹುಷಾರಾಗಿರಿ.

ಇಂಗ್ಲೆಂಡಿನಲ್ಲಿ ಹೈ ವಿಕಂಬ್ ಎಂಬ ಊರಿದೆ, ಕುರ್ಚಿ ಮಾಡುವುದಕ್ಕೆ ಹೆಸರಾದದ್ದು. 1960ರ ದಶಕದಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲು ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್, ಮೂಗಿನೊಳಗೆ ಆಗುವ ಬಹಳ ಅಪರೂಪದ ಒಂದು ಕ್ಯಾನ್ಸರ್ ಮರಗೆಲಸದವರಲ್ಲೇ ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿದರು. 1968ರಲ್ಲಿ ಅವರೂ ಅವರ ಜೊತೆಗಾರರೂ ಅದನ್ನು ಪ್ರಕಟಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು. ತಂಬಾಕಿನ ಹೊಗೆಯೂ ಅದೇ ಗುಂಪಿನಲ್ಲಿದೆ. ಆದ್ದರಿಂದ ಒಂದೇ ಹೊಳ್ಳೆ ತುಂಬಾ ದಿನ ಕಟ್ಟಿಕೊಂಡಿದ್ದರೆ, ಅದರಿಂದ ರಕ್ತ ಬರುತ್ತಿದ್ದರೆ, ಶೀತ ಅಂತ ಸುಮ್ನೆ ಕೂರಬೇಡಿ.

ಕೊನೆಯದಾಗಿ ಕೆಮ್ಮು. ಕೆಲಸದ ದಿನ ಸಂಜೆ, ರಾತ್ರಿ ಕೆಮ್ಮು, ಎದೆ ಬಿಗಿತ, ಸಿಳ್ಳೆಯಂಥ ಉಸಿರು. ರಜೆ ಬಂದರೆ ಆರಾಮ. ಸೋಮವಾರ ಕೆಲಸಕ್ಕೆ ಹೋದರೆ ಮತ್ತೆ ಶುರು. ಹೀಗಿದ್ದರೆ ಅದು ಧೂಳಿನಿಂದ ಬಂದ ಆಸ್ತಮಾ ಇರಬಹುದು. ಬೇಗ ಹಿಡಿದರೆ, ಬೇಗ ಧೂಳು ತಪ್ಪಿಸಿದರೆ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ವರ್ಷಗಟ್ಟಲೆ ಬಿಟ್ಟರೆ ಕೆಲಸ ಬಿಟ್ಟ ಮೇಲೂ ಅದು ಬಿಡದೇ ಇರಬಹುದು. ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಎಂದು ಅಳೆಯುವ, ಪೀಕ್ ಫ್ಲೋ ಮೀಟರ್ ಅಂತ ಒಂದು ಸಣ್ಣ ಕೊಳವೆ ಸಿಗುತ್ತದೆ. ದಿನಕ್ಕೆ ನಾಲ್ಕು ಸಲ, ಕೆಲಸದ ದಿನವೂ ರಜೆಯ ದಿನವೂ ಅದನ್ನು ಊದಿ, ಬಂದ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರ್ನಾಲ್ಕು ವಾರದ ಅಂಕಿ ತಂದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ. ಡಾಕ್ಟರ ಮುಂದೆ ಕೂತಾಗ ಅವರು ಕೇಳಲಿ ಬಿಡಲಿ, ನೀವೇ ಮೊದಲು ಹೇಳಿ: "ನಾನು ಮರಗೆಲಸ ಮಾಡುತ್ತೇನೆ, ದಿನಾ ಇಷ್ಟು ಹೊತ್ತು ಸ್ಯಾಂಡಿಂಗ್ ಮಾಡುತ್ತೇನೆ." ಯಾವ ಮರ, ಯಾವ ಶೀಟ್, ಯಾವ ಪಾಲಿಶ್, ಅದನ್ನೂ ಹೇಳಿ. ನಮಸ್ಕಾರ.